ಎರಡು ವರ್ಷದಲ್ಲಿ ಮೂವರು ಕೋಚ್ ಬದಲಾದರೂ ನಮ್ಮ ಕ್ಲಬ್ ಯಾಕೆ ಗೆಲ್ಲುತ್ತಿಲ್ಲ?

ನೀವು ಬರೆದಿರುವುದರಿಂದ ನನಗೆ ಅರ್ಥವಾದದ್ದು ಇಷ್ಟು. ಗೋವಾದ ವಾಸ್ಕೋ ಹತ್ತಿರದ ಝುವಾರಿನಗರದಲ್ಲಿ ನಿಮ್ಮದೊಂದು ಫುಟ್‌ಬಾಲ್ ಕ್ಲಬ್ ಇದೆ. ಹುಡುಗರಲ್ಲಿ ಹೆಚ್ಚಿನವರು ಗದಗ, ಬಾಗಲಕೋಟೆ ಕಡೆಯಿಂದ ಬಂದ ಮನೆಗಳವರು. ಹದಿಮೂರರೊಳಗಿನವರದೊಂದು ತಂಡ, ದೊಡ್ಡವರದೊಂದು ತಂಡ. ಎರಡು ವರ್ಷದಲ್ಲಿ ಮೂವರು ಕೋಚ್ ಬಂದು ಹೋದರು, ಗೆಲುವು ಬರಲಿಲ್ಲ. ಒಳ್ಳೆಯ ಕೋಚ್ ಅಂದರೆ ಎಂಥವರು, ಗೆಲ್ಲುವ ಕ್ಲಬ್ಬಿನ ವಾತಾವರಣ ಹೇಗೆ ಬರುತ್ತದೆ ಎಂದು ಕೇಳಿದ್ದೀರಿ.

ನಾಲ್ಕನೆಯವರನ್ನು ಹುಡುಕುವುದಕ್ಕೆ ಮೊದಲು ನಿಮ್ಮ ಮಂಗಳವಾರ, ಗುರುವಾರದ ಸಂಜೆಗಳನ್ನು ನೋಡಿ. ಭಾನುವಾರದ ಮ್ಯಾಚಿನ ಬಹುಪಾಲು ಆ ಎರಡು ಸಂಜೆಗಳಲ್ಲೇ ತೀರ್ಮಾನವಾಗಿರುತ್ತದೆ. ಕೋಚ್ ಮೈದಾನದಲ್ಲಿ ಇಲ್ಲದ ದಿನವೂ ಹುಡುಗರು ಅದೇ ಹೊತ್ತಿಗೆ ಬಂದು, ಅದೇ ರೀತಿ ಆಡುವಂತೆ ಮಾಡಬಲ್ಲವರೇ ನನ್ನ ಲೆಕ್ಕದಲ್ಲಿ ಒಳ್ಳೆಯ ಕೋಚ್.

ಗೋವಾದಲ್ಲಿ ಇದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ಡೆಂಪೊ ಕ್ಲಬ್ 2004–05ರಿಂದ 2011–12ರವರೆಗಿನ ಎಂಟು ಸೀಸನ್‌ಗಳಲ್ಲಿ ಐದು ಸಲ ರಾಷ್ಟ್ರೀಯ ಲೀಗ್ ಗೆದ್ದಿತು. ಐದಕ್ಕೂ ಕೋಚ್ ಒಬ್ಬರೇ, ಅರ್ಮಾಂಡೊ ಕೊಲಾಸೊ. ಕ್ಲೈಮ್ಯಾಕ್ಸ್ ಲಾರೆನ್ಸ್, ಸಮೀರ್ ನಾಯಕ್, ಕ್ಲಿಫರ್ಡ್ ಮಿರಾಂಡ, ಮುಂದೆ ರಾಂಟಿ ಮಾರ್ಟಿನ್ಸ್, ಹೀಗೆ ತಂಡದ ಬೆನ್ನೆಲುಬು ವರ್ಷಗಟ್ಟಲೆ ಅಲುಗಲಿಲ್ಲ. ಹೊಸಬನಿಗೆ ಕೋಚ್ ಹೇಳಿಕೊಡುವುದಕ್ಕಿಂತ ಹೆಚ್ಚನ್ನು ಪಕ್ಕದಲ್ಲಿ ಆಡುವ ಹಳಬ ಹೇಳಿಕೊಡುತ್ತಾನೆ.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತಲೂ ಮುಖ್ಯ. 2019–20ರಲ್ಲಿ ಎಫ್‌ಸಿ ಗೋವಾ ಪಟ್ಟಿಯ ಮೇಲ್ಭಾಗದಲ್ಲಿದ್ದಾಗಲೇ, ಲೀಗ್ ಹಂತಕ್ಕೆ ಮೂರು ಪಂದ್ಯ ಬಾಕಿ ಇರುವಾಗ, ಕೋಚ್ ಸರ್ಜಿಯೊ ಲೊಬೇರಾ ಹೊರಬಿದ್ದರು. ಹಂಗಾಮಿಯಾಗಿ ಹೊಣೆ ಹೊತ್ತವರು ಅದೇ ಕ್ಲಿಫರ್ಡ್ ಮಿರಾಂಡ. ತಂಡ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಮೊದಲ ಲೀಗ್ ಶೀಲ್ಡ್, ಅಂದರೆ ಲೀಗ್ ಹಂತದಲ್ಲಿ ಮೊದಲ ಸ್ಥಾನಕ್ಕೆ ಸಿಗುವ ಪ್ರಶಸ್ತಿ, ಗೆದ್ದಿತು. ಆಟದ ರೀತಿ ಹುಡುಗರ ಕಾಲಲ್ಲಿ ಅಷ್ಟು ಕೂತಿತ್ತು. ಲೊಬೇರಾ ಮುಂದಿನ ಸೀಸನ್ ಮುಂಬೈ ಸಿಟಿಗೆ ಹೋದಾಗ ಗೋವಾದಲ್ಲಿ ಅವರ ಕೈಕೆಳಗೆ ಆಡಿದ ಮೂರ್ತಾದಾ ಫಾಲ್, ಅಹ್ಮದ್ ಜಾಹು, ಹ್ಯೂಗೊ ಬೂಮೂಸ್, ಮಂದಾರ್ ರಾವ್ ದೇಸಾಯಿ ಕೂಡ ಅಲ್ಲಿಗೆ ಸೇರಿದರು. ಡಿಫೆನ್ಸಿಗೊಬ್ಬ, ನಡುವಿಗಿಬ್ಬರು, ಎಡ ಅಂಚಿಗೊಬ್ಬ. ಹೊಸ ತಂಡಕ್ಕೆ ಹಳೆಯ ಅಭ್ಯಾಸ ಅಂಟಲು ಅಷ್ಟು ಸಾಕಾಯಿತು. ಆ ವರ್ಷ ಮುಂಬೈ ಶೀಲ್ಡ್ ಮತ್ತು ಫೈನಲ್ ಗೆದ್ದವರಿಗೆ ಸಿಗುವ ಕಪ್ ಎರಡನ್ನೂ ಗೆದ್ದಿತು. ಲೊಬೇರಾ ಹೋದ ಮೇಲೂ ಅಲ್ಲಿ ಕಟ್ಟು ಸಡಿಲಾಗಲಿಲ್ಲ: 2022–23ರಲ್ಲಿ ಡೆಸ್ ಬಕಿಂಗ್‌ಹ್ಯಾಮ್ ಕೈಕೆಳಗೆ 18 ಪಂದ್ಯ ಸೋಲದೆ ಮತ್ತೆ ಶೀಲ್ಡ್ ಬಂತು.

ಈಗ ನಿಮ್ಮ ಮೈದಾನಕ್ಕೆ ಬರೋಣ. ಹೆಚ್ಚಿನ ಕಡೆ ಅಭ್ಯಾಸ ಹೀಗಿರುತ್ತದೆ: ಎರಡು ಸುತ್ತು ಓಟ, ಆಮೇಲೆ ಹದಿನಾರು ಹುಡುಗರ ಒಂದು ಸಾಲು, ಒಂದು ಗೋಲು, ಒಬ್ಬೊಬ್ಬರಾಗಿ ಶೂಟಿಂಗ್. ಒಂದು ಶಾಟಿಗೆ 15 ಸೆಕೆಂಡ್ ಎಂದರೆ 20 ನಿಮಿಷದಲ್ಲಿ 80 ಶಾಟ್. ಒಬ್ಬನ ಪಾಲಿಗೆ ಐದು. ಉಳಿದ ಹೊತ್ತೆಲ್ಲ ಅವನು ಸಾಲಲ್ಲಿ ನಿಂತು ಮಾತಾಡುತ್ತಾನೆ. ಆರು ತಿಂಗಳು ಹೀಗೆ ಮಾಡಿದರೆ ಹುಡುಗ ಸಾಲಲ್ಲಿ ನಿಲ್ಲುವುದನ್ನು ಚೆನ್ನಾಗಿ ಕಲಿಯುತ್ತಾನೆ. ಕ್ಲಬ್ಬಿನ ಮೊದಲ ಖರ್ಚು ಜೆರ್ಸಿಗಲ್ಲ, ಚೆಂಡಿಗೆ ಹೋಗಲಿ. ಇಬ್ಬರಿಗೊಂದು ಚೆಂಡು ಕನಿಷ್ಠ. ಹದಿಮೂರರೊಳಗಿನವರಿಗೆ 4ನೇ ಸೈಜು, ದೊಡ್ಡವರಿಗೆ 5ನೇ ಸೈಜು. ಚಿಕ್ಕವರಿಗೆ ದೊಡ್ಡ ಚೆಂಡು ಕೊಟ್ಟರೆ ಕಾಲಿನ ಬದಿಯಿಂದ ಪಾಸ್ ಮಾಡುವುದನ್ನು ಬಿಟ್ಟು ತುದಿಯಿಂದ ಒದೆಯಲು ಶುರು ಮಾಡುತ್ತಾರೆ, ಆ ಚಟ ಬಿಡಿಸುವುದು ಕಷ್ಟ.

18 ಹುಡುಗರಿದ್ದಾರೆ, 90 ನಿಮಿಷ ಇದೆ ಅಂದುಕೊಳ್ಳಿ. ಮೊದಲ 20 ನಿಮಿಷ ಫಿಫಾದವರ 11+ ವಾರ್ಮ್‌ಅಪ್. ಅದರಲ್ಲಿ 15 ವ್ಯಾಯಾಮಗಳು, ಮೂರು ಭಾಗ: ನಿಧಾನ ಓಟ, ಬಲ ಮತ್ತು ಸಮತೋಲನ, ಕೊನೆಗೆ ವೇಗದ ಓಟ. ವಾರಕ್ಕೆ ಎರಡು ಸಲವಾದರೂ ಬಿಡದೆ ಮಾಡಿದರೆ ಮಂಡಿ, ತೊಡೆಯ ಗಾಯಗಳು ನಿಜವಾಗಿ ಕಡಿಮೆಯಾಗುತ್ತವೆ. ಹದಿನಾಲ್ಕಕ್ಕಿಂತ ಚಿಕ್ಕವರಿಗೆ ಏಳು ವ್ಯಾಯಾಮಗಳ ಬೇರೆ ಮಕ್ಕಳ ಆವೃತ್ತಿಯೇ ಇದೆ. ಜನ ತಪ್ಪುವುದು ಎಲ್ಲಿ ಅಂದರೆ, ಸಮಯ ಇಲ್ಲ ಎಂದು ನಡುವಿನ ಬಲದ ಭಾಗವನ್ನೇ ಬಿಟ್ಟು ಓಟ ಮಾತ್ರ ಉಳಿಸಿಕೊಳ್ಳುತ್ತಾರೆ. ಗಾಯ ತಡೆಯುವ ಕೆಲಸದಲ್ಲಿ ದೊಡ್ಡ ಪಾಲು ಆ ನಡುವಿನ ಭಾಗದ್ದು.

ಆಮೇಲೆ 15 ನಿಮಿಷ ರೊಂಡೊ, ಅಂದರೆ ಅಂಚಿನವರು ಪಾಸ್ ಮಾಡುತ್ತಾ ಒಳಗಿನವರಿಗೆ ಚೆಂಡು ಸಿಗದಂತೆ ಆಡುವ ಆಟ. ಆರು ಆರು ಜನರ ಮೂರು ಗುಂಪು, 8 ಮೀಟರ್ ಚೌಕ, ಅಂಚಿನಲ್ಲಿ ನಾಲ್ವರು, ಒಳಗೆ ಇಬ್ಬರು, ಒಬ್ಬನಿಗೆ ಚೆಂಡು ಮುಟ್ಟಲು ಎರಡೇ ಟಚ್. ಒಳಗಿನ ಜೋಡಿ ಒಂದು ನಿಮಿಷಕ್ಕೊಮ್ಮೆ ಬದಲಾಗಲಿ. ಐದು ಪಾಸ್ ಕೂಡ ಸೇರದಿದ್ದರೆ ಚೌಕವನ್ನು 10 ಮೀಟರಿಗೆ ಹಿಗ್ಗಿಸಿ. ಇಪ್ಪತ್ತು ಪಾಸ್ ಸಲೀಸಾಗಿ ಹೋಗುತ್ತಿದ್ದರೆ 6 ಮೀಟರಿಗೆ ಕುಗ್ಗಿಸಿ. ಕೋಚ್ ಗಮನ ಇರಬೇಕಾದ್ದು ಚೆಂಡಿನ ಮೇಲಲ್ಲ. ಚೆಂಡು ಬರುವ ಮುನ್ನ ಹುಡುಗ ತಲೆ ತಿರುಗಿಸಿ ಹಿಂದೆ ನೋಡಿದನೋ ಇಲ್ಲವೋ ಎಂಬುದರ ಮೇಲೆ. ಅದೊಂದನ್ನೇ ಒಂದು ತಿಂಗಳು ಹೇಳಿ.

ಮುಂದಿನ 25 ನಿಮಿಷ ಆ ದಿನದ ವಿಷಯ. ಒಂದು ದಿನಕ್ಕೆ ಒಂದೇ. ಚೆಂಡು ಕಳಕೊಂಡ ತಕ್ಷಣ ಎದುರಾಳಿಯ ಮೇಲೆ ಬೀಳುವುದನ್ನು (ಪ್ರೆಸ್ ಮಾಡುವುದನ್ನು) ಕಲಿಸಬೇಕೆಂದರೆ 40×30 ಮೀಟರಿನಲ್ಲಿ ಆರಕ್ಕೆ ಆರು ಆಡಿಸಿ, ಮೂರು ತಂಡ ಸರದಿಯಲ್ಲಿ. ಐದು ಸೆಕೆಂಡಿನೊಳಗೆ ಚೆಂಡು ಮರಳಿ ಕಸಿದು ಹೊಡೆದ ಗೋಲಿಗೆ ಎರಡು ಅಂಕ. ನಾಲ್ಕು ನಿಮಿಷದ ಸುತ್ತು, ಎರಡು ನಿಮಿಷ ಬಿಡುವು. ಉತ್ಸಾಹದಲ್ಲಿ ಸುತ್ತನ್ನು ಎಂಟು ನಿಮಿಷಕ್ಕೆ ಎಳೆಯುವ ಕೋಚ್‌ಗಳಿದ್ದಾರೆ. ಐದನೇ ನಿಮಿಷಕ್ಕೆ ಹುಡುಗರು ಸುಸ್ತಾಗಿ ನಡೆಯುತ್ತಾ ಪ್ರೆಸ್ ಮಾಡುತ್ತಾರೆ, ಭಾನುವಾರವೂ ಹಾಗೆಯೇ ಮಾಡುತ್ತಾರೆ. ಕೊನೆಯ ಅರ್ಧ ಗಂಟೆಯನ್ನು ಪೂರ್ತಿ ಆಟಕ್ಕೆ ಬಿಡಿ. ಅದರಲ್ಲಿ ಹತ್ತು ನಿಮಿಷ ಎಡಗಾಲಿನವರು ಬಲಗಾಲಿನಲ್ಲಿ, ಬಲಗಾಲಿನವರು ಎಡಗಾಲಿನಲ್ಲಿ ಮಾತ್ರ ಆಡಲಿ. ಇದು ಹೊಸದಲ್ಲ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ತಮ್ಮ ಹುಡುಗರಿಗೆ ಹೀಗೆ ಬಾರದ ಕಾಲಿನ ಪಂದ್ಯಗಳನ್ನೇ ಏರ್ಪಡಿಸುತ್ತಿದ್ದರು. ಅವರ ಹೈದರಾಬಾದ್ ಸಿಟಿ ಪೊಲೀಸ್ ತಂಡ ಮುಂಬೈಯ ರೋವರ್ಸ್ ಕಪ್ಪನ್ನು 1950ರಿಂದ 54ರವರೆಗೆ ಸತತ ಐದು ಸಲ ಗೆದ್ದಿತು. ಅವರ ಕೈಕೆಳಗೆ ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ತಂದಿತು. ಅಂದಹಾಗೆ ಅದೇ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದು, ಆ ಗೌರವ ಪಡೆದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ನಿಮ್ಮ ಹುಡುಗರಿಗೆ ಇದನ್ನು ಖಂಡಿತ ಹೇಳಿ.

ಭಾಷೆಯ ವಿಷಯ ಯಾರೂ ಗಂಭೀರವಾಗಿ ತಗೊಳ್ಳುವುದಿಲ್ಲ, ನಿಮ್ಮಂಥ ಕ್ಲಬ್ಬಿಗೆ ಅದು ದೊಡ್ಡದು. ಗೋಲಿ (ಗೋಲ್‌ಕೀಪರ್) ಕನ್ನಡದಲ್ಲಿ ಕೂಗುತ್ತಾನೆ, ಸೆಂಟರ್ ಬ್ಯಾಕ್ ಕೊಂಕಣಿಯವನು, ಕೋಚ್ ಹಿಂದಿಯಲ್ಲಿ ಹೇಳುತ್ತಾರೆ. ಅರ್ಧ ಸೆಕೆಂಡ್ ತಡವಾದರೆ ಗೋಲಾಗುತ್ತದೆ. ಐದಾರು ಪದ ಗೊತ್ತು ಮಾಡಿ: ಹಿಂದೆ ಆಳು ಬಂದರೆ ‘ಮ್ಯಾನ್’, ಜಾಗ ಇದ್ದರೆ ‘ಟರ್ನ್’, ಗೋಲಿ ಹೊರಗೆ ಬಂದರೆ ‘ಕೀಪರ್’, ಮೇಲೆ ಸರಿಯಲು ‘ಔಟ್’. ಯಾವ ಭಾಷೆಯವನಾದರೂ ಅದೇ ಪದ. ಅಭ್ಯಾಸದಲ್ಲಿ ಪದ ಕೂಗದೆ ಕೊಟ್ಟ ಪಾಸಿಗೆ ಚೆಂಡು ಎದುರಾಳಿಗೆ ಎಂದು ನಿಯಮ ಮಾಡಿದರೆ ಎರಡೇ ವಾರದಲ್ಲಿ ಬಾಯಿ ತೆರೆಯುತ್ತದೆ.

ಕಾರ್ನರ್ ಮತ್ತು ಫ್ರೀಕಿಕ್‌ಗೆ ಕೊನೆಯ ಅಭ್ಯಾಸದ ದಿನ 15 ನಿಮಿಷ ಇಡಿ. ಬರುವ ಗೋಲುಗಳಲ್ಲಿ ಕಾಲು ಭಾಗಕ್ಕೆ ಕಡಿಮೆಯಿಲ್ಲದಷ್ಟು ನಿಂತ ಚೆಂಡಿನಿಂದಲೇ ಬರುತ್ತವೆ. ಎರಡೇ ಕಾರ್ನರ್ ಸಾಕು, ಹತ್ತು ಬೇಡ.

ಇನ್ನು ಕ್ಲಬ್ ಕಟ್ಟುವ ಮಾತು. ಒಂದು ಕ್ಲಬ್ಬಿನ ನಿಯಮ ಸಾಮಾನ್ಯವಾಗಿ ಮುರಿಯುವುದು ಅತ್ಯುತ್ತಮ ಆಟಗಾರನ ಹತ್ತಿರ. ಗುರುವಾರ ಹೇಳದೆ ಕೇಳದೆ ತಪ್ಪಿಸಿಕೊಂಡ ಸ್ಟ್ರೈಕರ್ ಭಾನುವಾರ ಮೊದಲ ಹನ್ನೊಂದರಲ್ಲಿ ಇದ್ದರೆ, ಉಳಿದ ಹದಿನೇಳು ಹುಡುಗರಿಗೆ ಅಂದೇ ಎಲ್ಲ ಅರ್ಥವಾಗುತ್ತದೆ. ಹಾಗೆಂದು ಅವನನ್ನು ಎಲ್ಲರೆದುರು ಬೈಯುವುದೂ, ಪೂರ್ತಿ ಕೈಬಿಡುವುದೂ ಬೇಡ. ತಪ್ಪಿಸಿಕೊಂಡವನು ಬೆಂಚಿನಿಂದ ಶುರು ಮಾಡುತ್ತಾನೆ, 60ನೇ ನಿಮಿಷದ ಮೇಲೆ ಬರಬಹುದು ಎಂದು ಸೀಸನ್ ಶುರುವಾಗುವ ಮೊದಲೇ ಹೇಳಿರಿ, ಆ ದಿನ ಬಂದಾಗ ಶಾಂತವಾಗಿ ಜಾರಿ ಮಾಡಿ. ತಂದೆಗೆ ಶಿಫ್ಟ್ ಇದೆ, ಮನೆಯಲ್ಲಿ ತಂಗಿಯನ್ನು ನೋಡಿಕೊಳ್ಳಬೇಕು ಎಂದು ಮುಂಚೆ ತಿಳಿಸಿದ ಹುಡುಗನಿಗೆ ಈ ನಿಯಮ ಅನ್ವಯಿಸಬಾರದು. ಮೇ ತಿಂಗಳ ರಜೆಗೆ, ಊರ ಜಾತ್ರೆಗೆ ಅರ್ಧ ತಂಡ ಖಾಲಿಯಾಗುವುದು ನಿಮಗೆ ಗೊತ್ತೇ ಇದೆ; ಆ ದಿನಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಅಭ್ಯಾಸ ಹಗುರ ಮಾಡಿ. ನಿಯಮ ಮೂರಕ್ಕಿಂತ ಹೆಚ್ಚು ಬೇಡ. ಅಭ್ಯಾಸದಲ್ಲಿ ತಂಡ ಗುರುತಿಸಲು ತೊಡುವ ಬಿಬ್ಸ್ ಒಗೆಯುವುದು, ಕೋನ್ ಎತ್ತಿಡುವುದು ಸರದಿಯಲ್ಲಿ, ಕ್ಯಾಪ್ಟನ್ ಹೆಸರೂ ಸರದಿಯಲ್ಲಿ ಇರಲಿ.

ಹದಿಮೂರರೊಳಗಿನ ತಂಡದ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ: ಪ್ರತಿ ಹುಡುಗನಿಗೂ ಕನಿಷ್ಠ ಅರ್ಧ ಪಂದ್ಯ. ಒಂದು ನೋಟ್‌ಬುಕ್ಕಿನಲ್ಲಿ ಯಾರು ಎಷ್ಟು ನಿಮಿಷ, ಯಾವ ಜಾಗದಲ್ಲಿ ಆಡಿದ ಎಂದು ಬರೆದಿಡಿ. ಈ ವಯಸ್ಸಿನಲ್ಲಿ ಬೇಗ ಬೆಳೆದವನು ಮೈಬಲದಿಂದ ಗೆಲ್ಲಿಸುತ್ತಾನೆ, ಹದಿನಾರಕ್ಕೆ ಉಳಿದವರೂ ಅವನಷ್ಟೇ ಆಗುತ್ತಾರೆ. ಅಷ್ಟರಲ್ಲಿ ತಲೆ ಬಳಸಿ ಆಡುತ್ತಿದ್ದ ಸಣ್ಣ ಹುಡುಗ ಬೆಂಚಿನಲ್ಲಿ ಕೂತು ಬೇಸತ್ತು ಬಿಟ್ಟುಹೋಗಿರುತ್ತಾನೆ. ಮೂರು ತಿಂಗಳಿಗೊಮ್ಮೆ ಎತ್ತರ ಅಳೆಯಿರಿ. ಮೂರು ತಿಂಗಳಲ್ಲಿ 2 ಸೆಂಟಿಮೀಟರಿಗಿಂತ ಹೆಚ್ಚು ಬೆಳೆದು, ಮಂಡಿಚಿಪ್ಪಿನ ಕೆಳಗೆ ನೋವು ಎನ್ನುವವನಿಗೆ ಜಿಗಿತ, ಜೋರು ಓಟ ಕಡಿಮೆ ಮಾಡಿ. ಅದು ಸೋಮಾರಿತನವಲ್ಲ, ಬೆಳೆಯುವ ಮೂಳೆಯ ತೊಂದರೆ.

ಮ್ಯಾಚಿನ ದಿನ ಅಂಚಿನಲ್ಲಿ ನಿಂತು ‘ಪಾಸ್ ಕೊಡೋ, ಶೂಟ್ ಮಾಡೋ’ ಎಂದು ತೊಂಬತ್ತು ನಿಮಿಷ ಕೂಗುವ ಕೋಚ್ ಹುಡುಗರ ಯೋಚನೆಯನ್ನು ತಾನೇ ಮಾಡುತ್ತಿದ್ದಾರೆ. ಅವರ ದನಿ ಕೇಳಿಸದ ದೂರದ ಅಂಚಿನಲ್ಲಿ ವಿಂಗರ್ ಗೊಂದಲಕ್ಕೆ ಬೀಳುತ್ತಾನೆ. ಹಾಫ್‌ಟೈಮಿನಲ್ಲಿ ಮೊದಲ ನಾಲ್ಕು ನಿಮಿಷ ನೀರು, ಮೌನ. ಆಮೇಲೆ ಎರಡೇ ಮಾತು: ಚೆಂಡು ನಮ್ಮಲ್ಲಿರುವಾಗ ಏನು, ಇಲ್ಲದಾಗ ಏನು. ಬದಲಿಯಾಗಿ ಹೋಗುವವನಿಗೆ ಬೇರೆಯಾಗಿ ಹೇಳಿ.

ಸೆಕೆ ಮತ್ತು ಮಳೆಯನ್ನು ಮರೆತರೆ ಗೋವಾದಲ್ಲಿ ಯಾವ ಯೋಜನೆಯೂ ನಿಲ್ಲದು. ಬೆವರು ಆರದ ಹವೆಯಿದು, ಅಭ್ಯಾಸ ಬೆಳಗ್ಗೆ 8ಕ್ಕೆ ಮುಗಿಯಲಿ ಅಥವಾ ಸಂಜೆ 5ರ ಮೇಲೆ ಶುರುವಾಗಲಿ, 15–20 ನಿಮಿಷಕ್ಕೊಮ್ಮೆ ನೀರು. ತಲೆ ಸುತ್ತಿ ಮಾತು ತೊದಲುವ ಹುಡುಗನ ಮೈಮೇಲೆ ತಕ್ಷಣ ನೀರು ಸುರಿದು, ನೆರಳಲ್ಲಿ ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಒಯ್ಯಿರಿ. ಮಳೆಗಾಲದಲ್ಲಿ ಕೆಂಪು ಮಣ್ಣಿನ ಮೈದಾನದಲ್ಲಿ ನೆಲದ ಪಾಸು ನೀರಿನ ಗುಂಡಿಯಲ್ಲಿ ನಿಂತುಬಿಡುತ್ತದೆ. ಮ್ಯಾಚಿಗೆ ಮೊದಲು ಕೋಚ್ ಮೈದಾನದಲ್ಲಿ ನಡೆದು, ಚೆಂಡು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಉರುಳಿಸಿ ನೋಡಬೇಕು. ಅಂಥ ದಿನ ಒಣಗಿದ ಅಂಚಿನಿಂದ ದಾಳಿ, ನಡುವೆ ನೇರ ಉದ್ದ ಚೆಂಡು.

ಕೊನೆಗೆ ಕಮಿಟಿಯವರ ಪಾಲು. ಕೋಚ್‌ಗೆ ಕನಿಷ್ಠ ಎರಡು ಸೀಸನ್ ಬರೆದುಕೊಡಿ, ಸಂಬಳದ ತಾರೀಖು ತಪ್ಪಿಸಬೇಡಿ, ತಂಡದ ಆಯ್ಕೆಯಲ್ಲಿ ಯಾರ ಮಗನ ಮಾತೂ ನಡೆಯದಿರಲಿ. ಮೊದಲ ವರ್ಷ ಅಂಕಪಟ್ಟಿ ನೋಡಿ ಅಳೆಯಬೇಡಿ. ಅಭ್ಯಾಸಕ್ಕೆ ಬರುವವರ ಸಂಖ್ಯೆ, ಪೆನಾಲ್ಟಿ ಬಾಕ್ಸಿನೊಳಗಿಂದ ನಾವು ಹೊಡೆದ ಶಾಟ್, ನಾವು ಬಿಟ್ಟುಕೊಟ್ಟ ಶಾಟ್, ಚಿಕ್ಕವರ ತಂಡದಿಂದ ಮೇಲೆ ಹೋದವರು, ಈ ನಾಲ್ಕನ್ನು ತಿಂಗಳಿಗೊಮ್ಮೆ ಬರೆಯಿರಿ. ನಿಮ್ಮ ಮೂವರಲ್ಲಿ ಹುಡುಗರು ಯಾರ ಅಭ್ಯಾಸಕ್ಕೆ ಹೆಚ್ಚು ಬರುತ್ತಿದ್ದರೋ ಅವರನ್ನೇ ವಾಪಸ್ ಕೇಳಿ ನೋಡಿ. ಕೋಚಿಂಗ್ ಲೈಸೆನ್ಸ್ ಇಲ್ಲದಿದ್ದರೆ ಕ್ಲಬ್ಬಿನ ಖರ್ಚಿನಲ್ಲೇ ಡಿ ಲೈಸೆನ್ಸಿಗೆ ಕಳಿಸಿ. ಅಲ್ಲಿಂದ ಮುಂದೆ ಸಿ, ಬಿ, ಎ ಎಂದು ಮೆಟ್ಟಿಲುಗಳಿವೆ. ಹುಡುಗರ ಜನನ ಪ್ರಮಾಣಪತ್ರಗಳು ಊರಿನ ಪಂಚಾಯಿತಿಯಲ್ಲಿ ಉಳಿದಿದ್ದರೆ ಈ ರಜೆಯಲ್ಲೇ ತರಿಸಿಕೊಳ್ಳಿ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ (ಎಐಎಫ್‌ಎಫ್) ಸಿಆರ್‌ಎಸ್ ಎಂಬ ಆಟಗಾರರ ನೋಂದಣಿಗೆ ಅವು ಬೇಕಾಗುತ್ತವೆ.