ಮರೈನ್ ಅಕ್ವೇರಿಯಂ ಪ್ರದರ್ಶನಕ್ಕೆ ಮೊದಲ ಸಲ ಹೋಗ್ತಿದ್ದೀನಿ. ಏನು ನೋಡಬೇಕು, ಏನು ತರಬೇಕು?

ನೀವು ಬಾಗಲಕೋಟೆಯವರು, ಗಪ್ಪಿ, ಏಂಜಲ್‌ನಂಥ ಸಿಹಿನೀರಿನ ಮೀನು ಸಾಕಿ ಕೈ ಪಳಗಿದೆ, ಬೆಂಗಳೂರಿನ ಪ್ರದರ್ಶನದಿಂದ ಸಮುದ್ರದ ಒಂದು ಜೋಡಿ ಕ್ಲೌನ್ ಮೀನು ತರಬಹುದಾ ಅಂತ ಕೇಳಿದ್ದೀರಿ. ನಾನು ವಿಜಯಪುರದವನು. ಹಾಗೇ ಮೊದಲ ಸಲ ಹೋಗಿ, ಜೋಡಿ ತಂದು, ಎರಡನ್ನೂ ಕಳಕೊಂಡವನು. ಅದಕ್ಕೇ ಹೇಳ್ತಿದ್ದೀನಿ, ಈ ಸಲ ಜೀವ ಇರೋ ಯಾವುದನ್ನೂ ತರಬೇಡಿ.

ಆಗಿದ್ದು ಇಷ್ಟು. ಹೊರಡೋ ಹಿಂದಿನ ದಿನ ಟ್ಯಾಂಕಿಗೆ ಉಪ್ಪುನೀರು ತುಂಬಿಸಿಟ್ಟು, ಎಲ್ಲಾ ತಯಾರಾಯ್ತು ಅಂದುಕೊಂಡೆ. ವಾಪಸ್ ಬರುವಾಗ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಇಡೀ ರಾತ್ರಿ ಥರ್ಮಾಕೋಲ್ ಡಬ್ಬಿ ತೊಡೆಯ ಮೇಲೇ ಇತ್ತು. ಮನೆಗೆ ಬಂದು ಚೀಲದ ಬಾಯಿ ಬಿಚ್ಚಿ, ಸಣ್ಣ ಪೈಪಿನಲ್ಲಿ ಒಂದೂವರೆ ತಾಸು ಹನಿಹನಿಯಾಗಿ ಟ್ಯಾಂಕಿನ ನೀರು ಬಿಟ್ಟೆ. ಒಳ್ಳೇದು ಮಾಡ್ತಿದ್ದೀನಿ ಅಂತಲೇ ನಂಬಿದ್ದೆ. ಕಟ್ಟಿದ ಚೀಲದಲ್ಲಿ ಮೀನು ಉಸಿರಾಡಿದಷ್ಟೂ ಇಂಗಾಲದ ಡೈಆಕ್ಸೈಡ್ ಸೇರಿ ನೀರಿನ ಪಿಎಚ್ ಇಳಿದಿರುತ್ತೆ, ಅಂದರೆ ನೀರು ಹುಳಿಯ ಕಡೆ ವಾಲಿರುತ್ತೆ. ಅಲ್ಲೀವರೆಗೆ ಮೀನು ಅದೇ ನೀರಿಗೆ ಬಿಟ್ಟ ಅಮೋನಿಯಾದ ವಿಷ ಅಷ್ಟಾಗಿ ತಟ್ಟಲ್ಲ. ಬಾಯಿ ಬಿಚ್ಚಿದ ಕೂಡಲೇ ಗಾಳಿಯಾಡಿ ಪಿಎಚ್ ಏರುತ್ತೆ, ಅದೇ ಅಮೋನಿಯಾ ಕಿವಿರು ಸುಡೋಕೆ ಶುರು ಮಾಡುತ್ತೆ. ದೂರದಿಂದ ಬಂದ ಚೀಲವನ್ನ ಕಟ್ಟಿದ ಹಾಗೇ ತೇಲಿಬಿಟ್ಟು, ಬಿಸಿ ಸಮ ಆದಮೇಲೆ ಉಪ್ಪಿನ ಮಟ್ಟ ನೋಡಿ ಬೇಗ ಮೀನು ದಾಟಿಸಬೇಕು. ಅಷ್ಟು ಮಾಡಿದ್ದರೂ ಸಾಲ್ತಿರಲಿಲ್ಲ, ನನ್ನ ಟ್ಯಾಂಕಿನಲ್ಲಿ ಅಮೋನಿಯಾ ತಿಂದು ಕರಗಿಸೋ ಬ್ಯಾಕ್ಟೀರಿಯಾನೇ ಇರಲಿಲ್ಲ. ಐದನೇ ದಿನ ಒಂದು, ಎಂಟನೇ ದಿನ ಇನ್ನೊಂದು. ಎರಡನೇದನ್ನ ತೆಗೆಯುವಾಗ ಅವ್ವ ಪಕ್ಕದಲ್ಲಿ ನಿಂತು, "ಇನ್ನ ಮ್ಯಾಲ ಗೊತ್ತಿಲ್ಲದ ತರಬ್ಯಾಡೋ" ಅಂದಳು.

ಈಗ ಪ್ರದರ್ಶನದ ಮಾತು. ಒಳಗೆ ಹೋದ ಕೂಡಲೇ ಕಣ್ಣು ಸೆಳೆಯೋದು ನೀಲಿ ದೀಪ. ಆ ಬೆಳಕಿನಲ್ಲಿ ಹವಳದ ಹಸಿರು, ಕಿತ್ತಳೆ ಬಣ್ಣ ಕೆಂಡದ ಹಾಗೆ ಉರಿಯುತ್ತೆ. ಮಳಿಗೆಯವರನ್ನ ಕೇಳಿ, ಒಂದು ನಿಮಿಷ ಬಿಳಿ ದೀಪ ಹಾಕಿಸಿ ನೋಡಿ, ನಿಜ ಬಣ್ಣ ಗೊತ್ತಾಗುತ್ತೆ. ಆಮೇಲೆ ಟ್ಯಾಂಕಿನ ಕೆಳಗಿನ ಬಾಗಿಲು ತೆಗೆಸಿ. ನಾನು ಎರಡನೇ ಸಲ ಹೋದಾಗ ಹುಬ್ಬಳ್ಳಿ ಕಡೆಯವರೊಬ್ಬರು ತಾವಾಗೇ ತೆಗೆದು ತೋರಿಸಿದರು. ಒಳಗೆ ಸಂಪ್, ಅಂದರೆ ನೀರು ಶುದ್ಧವಾಗೋ ಇನ್ನೊಂದು ತೊಟ್ಟಿ, ಅದರಲ್ಲಿ ಕೊಳೆಯನ್ನ ನೊರೆಯ ಜೊತೆ ತೆಗೆಯೋ ಸ್ಕಿಮ್ಮರ್. ಹಾಲಿನಂಥ ಸಣ್ಣ ಗುಳ್ಳೆಗಳು ಕೊಳವೆಯಲ್ಲಿ ಏರಿ, ಮೇಲಿನ ಬಟ್ಟಲಿಗೆ ಕಡು ಚಹಾ ಬಣ್ಣದ ನೊರೆ ಉಕ್ಕಿಸ್ತಿದ್ದವು. ಮೂಗು ಹತ್ತಿರ ಒಯ್ದರೆ ಕೊಳೆತ ವಾಸನೆ. ಮೀನಿನ ಹೇಲು, ಉಳಿದ ಆಹಾರ ಅಮೋನಿಯಾ ಆಗೋಕೆ ಮುಂಚೇನೇ ಹಾಗೆ ಹೊರಬರುತ್ತೆ. ಸಿಹಿನೀರಿನಲ್ಲಿ ಗುಳ್ಳೆ ಅಷ್ಟು ಸಣ್ಣದಾಗಲ್ಲ, ಅದಕ್ಕೇ ನಾವು ಗಪ್ಪಿಯವರು ಇದನ್ನ ಕಂಡಿರಲ್ಲ. ಅವರು ಅಂದ ಮಾತು ಇನ್ನೂ ಕಿವಿಯಲ್ಲಿದೆ: "ಅಣ್ಣಾರ, ಮದಲ ನೀರು ಸಾಕ್ರಿ, ಆಮ್ಯಾಲ ಮೀನ."

ಮೀನಿನ ಮುಂದೆ ನಿಂತಾಗ ಎರಡೇ ಕೇಳಿ: ಇದು ಹ್ಯಾಚರಿಯದ್ದಾ, ಸಮುದ್ರದಿಂದ ಹಿಡಿದದ್ದಾ? ನನ್ನೆದುರು ಆಹಾರ ಹಾಕ್ತೀರಾ? ಕ್ಲೌನ್ ಮೀನಿನ ಮರಿ ಮಾಡೋ ವಿಧಾನ ನಮ್ಮ ದೇಶದಲ್ಲೇ ಇದೆ, ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದನ್ನ ಬೆಳೆಸಿದೆ. ಸಾಕಿದ ಮರಿಗೆ ಸಾಮಾನ್ಯವಾಗಿ ಗುಳಿಗೆ ಆಹಾರ ರೂಢಿಯಾಗಿರುತ್ತೆ. ಮ್ಯಾಂಡರಿನ್ ಮೀನಿನ ಬಣ್ಣಕ್ಕೆ ಮನಸ್ಸು ಹೋಗೇ ಹೋಗುತ್ತೆ. ಆದರೆ ಅದಕ್ಕೆ ಬೇಕಿರೋದು ಬಂಡೆಯ ಮೇಲೆ ಹರಿದಾಡೋ ಸೂಕ್ಷ್ಮ ಜೀವಿಗಳು. ಹೊಸ ಟ್ಯಾಂಕಿನಲ್ಲಿ ಉಪವಾಸ ಬಿದ್ದು ಸಾಯುತ್ತೆ. ಬ್ಲೂ ಟ್ಯಾಂಗ್ ಒಂದು ಅಡಿ ಬೆಳೆಯೋ ಮೀನು, ನಮ್ಮ ಮೂರಡಿ ಗಾಜು ಅದಕ್ಕೆ ಸಾಲಲ್ಲ.

ಹವಳದ ತುಂಡು ಯಾರಾದರೂ ಕೊಡ್ತೀನಿ ಅಂದರೆ ಹುಷಾರು. ಬಂಡೆ ಕಟ್ಟೋ ಹವಳಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿ ಅದು. ಸಮುದ್ರದಲ್ಲಿ ಆ ಒಂದು ಗೊಂಚಲು ಬೆಳೆಯೋಕೆ ಎಷ್ಟು ವರ್ಷ ಹಿಡಿದಿರುತ್ತೋ ಯೋಚಿಸಿ.

ದುಡ್ಡು ಹಾಕೋದಾದರೆ ನೀರಿನ ಉಪ್ಪಿನ ಮಟ್ಟ ಅಳೆಯೋ ರಿಫ್ರಾಕ್ಟೋಮೀಟರ್ ಮೇಲೆ ಹಾಕಿ, ಜೊತೆಗೆ ಅದನ್ನ ಸರಿಹೊಂದಿಸೋ 35 ಪಿಪಿಟಿ (ಸಾವಿರಕ್ಕೆ 35 ಭಾಗ) ದ್ರಾವಣ, ಅಮೋನಿಯಾ ಮತ್ತು ನೈಟ್ರೈಟ್ (ಅಮೋನಿಯಾ ಒಡೆದಾಗ ಬರೋ ಇನ್ನೊಂದು ವಿಷ) ಟೆಸ್ಟ್ ಕಿಟ್, ಮರೈನ್ ಉಪ್ಪು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನ ಲೆಕ್ಕ. ನಮ್ಮ ಬೋರಿನ ನೀರು ಗಡಸು, ಅದನ್ನ ಹಾಕಲೇಬೇಡಿ. ಮನೆಯ ಕುಡಿಯೋ ಆರ್‌ಓ ನೀರಿಗೂ ಹಲವು ಕಡೆ ಸ್ವಲ್ಪ ಶೋಧಿಸದ ನೀರು ಬೆರೆಸಿರ್ತಾರೆ, ಟಿಡಿಎಸ್ (ನೀರಿನಲ್ಲಿ ಕರಗಿರೋ ಲವಣದ ಮಟ್ಟ) ಅಳೆದು ಸೊನ್ನೆ ಹತ್ತಿರ ಇದ್ದರೆ ಮಾತ್ರ ಬಳಸಿ. ಬೇಸಿಗೆಯಲ್ಲಿ ನೀರು ದಿನಾ ಆವಿಯಾಗುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಮೇಲೆ ತುಂಬಿಸೋದು ಬರೀ ಆರ್‌ಓ ನೀರು, ಉಪ್ಪುನೀರಲ್ಲ. ನಮ್ಮ ಕಡೆ 40 ಡಿಗ್ರಿ ದಾಟುತ್ತೆ, ಟ್ಯಾಂಕಿಗೆ ಬೇಕಿರೋದು 25, 26. ನೀರು ತಂಪು ಮಾಡೋ ಚಿಲ್ಲರ್ ಬೆಲೆ ಅಲ್ಲೇ ನಾಲ್ಕು ಕಡೆ ವಿಚಾರಿಸಿ. ಕರೆಂಟು ಹೋದಾಗ ಬ್ಯಾಟರಿ ಏರ್ ಪಂಪ್ ಇರಲೇಬೇಕು.

ಬಂದಮೇಲೆ ಬಂಡೆ, ಉಪ್ಪುನೀರು ಹಾಕಿ, ಆ ಬ್ಯಾಕ್ಟೀರಿಯಾ ಬೆಳೆಯಲಿ ಅಂತ ಸ್ವಲ್ಪ ಅಮೋನಿಯಾ ಕೊಟ್ಟು, ಮೀನಿಲ್ಲದೆ ಟ್ಯಾಂಕ್ ಓಡಿಸಿ. ನಾಲ್ಕರಿಂದ ಆರು ವಾರ ಹಿಡಿಯಬಹುದು. ಕೊಟ್ಟ ಅಮೋನಿಯಾ ಒಂದೇ ದಿನದಲ್ಲಿ ಕರಗಿ, ನೈಟ್ರೈಟೂ ಸೊನ್ನೆ ಬಂದ ದಿನ ಇಲ್ಲೇ ಬರೀರಿ. ನನ್ನ ಈಗಿನ ಜೋಡಿಗೆ ಮೂರನೇ ವರ್ಷ, ಅವನ್ನ ಎಲ್ಲಿಂದ ತಂದೆ ಅಂತ ಹೇಳ್ತೀನಿ.