ಲೋ ಗೇರ್ ಹಾರಿದರೆ ಸ್ಪ್ರಿಂಗ್ ಬದಲಿಸಿ ಸುಮ್ಮನಾಗಬೇಡಿ

ಪ್ರಶ್ನೆ: ನನ್ನದು ಹಳೆಯ ವಿಲ್ಲೀಸ್ ಪಿಕಪ್, ಡಾನಾ 18 ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಕಳಿಸುವ ಪೆಟ್ಟಿಗೆ). ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಅದರ ಲೋ ಗೇರ್ ಟಕ್ ಅಂತ ಹಾರಿ ನ್ಯೂಟ್ರಲ್‌ಗೆ ಬರುತ್ತದೆ. ಬಾಲ್, ಸ್ಪ್ರಿಂಗ್ ಎರಡು ಸಲ ಬದಲಿಸಿದ್ದಾಯಿತು. ಲಿವರ್‌ಗೆ ರಬ್ಬರ್ ಪಟ್ಟಿ ಕಟ್ಟಿಕೊಳ್ಳಿ, ದಪ್ಪ ಆಯಿಲ್ ಹಾಕಿ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಸರಿಯೇ?

ಸರಿಯಲ್ಲ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಪ್ರತಿ ಸಲವೂ ಅದೇ ರಬ್ಬರ್ ಪಟ್ಟಿಯ ಕಥೆ. ಲಿವರ್ ಕಟ್ಟಿ ಹಾಕು ಅನ್ನುವವರ ಕೈಗೆ ದಯವಿಟ್ಟು ಗಾಡಿ ಕೊಡಬೇಡಿ. ಇಳಿಜಾರಿನಲ್ಲಿ ಲೋ ಹಾರಿತು ಅಂದರೆ ಎಂಜಿನ್ ಬ್ರೇಕಿಂಗ್, ಅಂದರೆ ಎಂಜಿನ್ನೇ ಗಾಡಿಯ ವೇಗ ಹಿಡಿಯುವುದು, ಪೂರ್ತಿ ಹೋಯಿತು. ಆಮೇಲೆ ಉಳಿಯುವುದು ಹಳೆಯ ಡ್ರಮ್ ಬ್ರೇಕ್ ಮಾತ್ರ. ರಿಪೇರಿ ಮುಗಿಯುವ ತನಕ ಆ ಗಾಡಿಯನ್ನು ಗುಡ್ಡಕ್ಕೆ ಒಯ್ಯಬೇಡಿ.

ಬಾಲ್ ಮತ್ತು ಸ್ಪ್ರಿಂಗ್ ಇರುವುದು ಶಿಫ್ಟ್ ರಾಡ್ (ಲಿವರ್ ಸರಿಸುವ ಸರಳು) ತನ್ನ ಜಾಗ ಬಿಟ್ಟು ಅಲುಗದ ಹಾಗೆ ಹಿಡಿಯಲಿಕ್ಕೆ, ಅಷ್ಟೇ. ಗೇರ್ ಹಲ್ಲುಗಳು ಒಂದನ್ನೊಂದು ತಳ್ಳುವ ಬಲವನ್ನು ತಡೆಯುವ ತಾಕತ್ತು ಅದಕ್ಕಿಲ್ಲ. ಈ ಕೇಸಿನ ಲೋ ಗೇರ್ ನೇರ ಹಲ್ಲಿನದು. ಔಟ್‌ಪುಟ್ ಶಾಫ್ಟ್ (ಶಕ್ತಿ ಹೊರಗೆ ಹೋಗುವ ಶಾಫ್ಟ್) ಮೇಲಿನ ಸ್ಲೈಡಿಂಗ್ ಗೇರ್ ಜಾರಿ ಬಂದು ನಡುವಿನ ಇಂಟರ್‌ಮೀಡಿಯೆಟ್ ಗೇರಿಗೆ ಕೂಡಿಕೊಳ್ಳುತ್ತದೆ. ಪೂರ್ತಿ ಉದ್ದಕ್ಕೂ ಕೂಡಿದರೆ ಅದನ್ನು ಹೊರಗೆ ತಳ್ಳುವ ಬಲ ಹೆಚ್ಚೇನೂ ಇರುವುದಿಲ್ಲ. ಅರ್ಧಕ್ಕೇ ಕೂಡಿದರೆ ಆ ಅರ್ಧ ಹಲ್ಲು ಮಾತ್ರ ಸವೆದು ಓರೆಯಾಗುತ್ತದೆ. ಆಮೇಲೆ ಲೋಡ್ ಬಿದ್ದಾಗಲೆಲ್ಲ ಆ ಓರೆಯೇ ಗೇರನ್ನು ಹೊರಗೆ ತಳ್ಳುತ್ತದೆ. ನೀವು ಆಕ್ಸಿಲರೇಟರ್ ಬಿಟ್ಟಾಗ ಲೋಡ್ ಹಲ್ಲಿನ ಇನ್ನೊಂದು ಮುಖಕ್ಕೆ ಹೋಗುತ್ತದೆ. ನಿಮ್ಮ ಗಾಡಿಯಲ್ಲಿ ಸವೆದಿರುವುದು ಆ ಮುಖ.

ಹಾಗಾದರೆ ಗೇರ್ ಯಾಕೆ ಅರ್ಧಕ್ಕೆ ನಿಂತಿತು? ಕೇಸ್ ಬಿಚ್ಚುವ ಮೊದಲು ಗಾಡಿಯ ಕೆಳಗೆ ಮಲಗಿ ಲಿವರ್ ನೋಡಿ. ಲೋ ಹಾಕಿದಾಗ ಅದು ಫ್ಲೋರ್ ತಗಡಿಗೋ ರಬ್ಬರ್ ಬೂಟಿಗೋ ತಾಗಿ ನಿಲ್ಲುತ್ತಿದೆಯೇ? ಎಂಜಿನ್ ಅಥವಾ ಗೇರ್‌ಬಾಕ್ಸ್ ಮೌಂಟಿಂಗ್ ರಬ್ಬರ್ ಕುಸಿದರೆ ಇಡೀ ಕೇಸ್ ಕೆಳಗಿಳಿದು ಲಿವರ್ ತಗಡಿಗೆ ತಾಗುತ್ತದೆ. ಇದು ಒಂದು ಮೌಂಟಿಂಗ್‌ನ ಕೆಲಸ. ಇದಕ್ಕೆ ಇಡೀ ಕೇಸ್ ಬಿಚ್ಚಿಸಿದವರನ್ನು ನಾನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಅಲ್ಲಿ ಏನೂ ಇಲ್ಲದಿದ್ದರೆ ಕೇಸ್ ಇಳಿಸಿ. ತೊಳೆಯುವುದು, ಒರೆಸುವುದು ನಿಮಗೆ ಗೊತ್ತೇ ಇರುತ್ತದೆ. ಆದರೆ ಬಿಚ್ಚುವ ಮೊದಲು ಡಯಲ್ ಗೇಜ್ (ಸಣ್ಣ ಅಲುಗಾಟ ಅಳೆಯುವ ಮುಳ್ಳಿನ ಮಾಪಕ) ಇಟ್ಟು ಔಟ್‌ಪುಟ್ ಶಾಫ್ಟ್ ಹಿಂದೆ ಮುಂದೆ ಎಷ್ಟು ಆಡುತ್ತದೆ ಅಂತ ಅಳೆದು ಬರೆದಿಡಿ. 0.004ರಿಂದ 0.008 ಇಂಚಿನ ಒಳಗೆ ಇರಬೇಕು. ಕೈಯಲ್ಲಿ ಅಲ್ಲಾಡಿಸಿ 'ಸರಿ ಇದೆ' ಅನ್ನುವುದು ಅಳತೆ ಅಲ್ಲ. ಆಟ ಜಾಸ್ತಿ ಇದ್ದರೆ ಶಾಫ್ಟ್ ಜೊತೆಗೆ ಗೇರೂ ಸರಿಯುತ್ತದೆ. ಇದನ್ನು ಸರಿಪಡಿಸುವುದು ಹಿಂದಿನ ಕ್ಯಾಪಿನ ಕೆಳಗಿರುವ ಶಿಮ್‌ಗಳಿಂದ, ಅಂದರೆ ಅಂತರ ಹೊಂದಿಸುವ ತೆಳು ಹಾಳೆಗಳಿಂದ. ಅಲ್ಲೇ ಮತ್ತೊಂದು ತಪ್ಪು ನಡೆಯುತ್ತದೆ. ಲೀಕ್ ಆಗಬಾರದು ಅಂತ ಶಿಮ್‌ಗಳ ಮಧ್ಯೆ ಸಿಲಿಕೋನ್ ಮೆತ್ತುತ್ತಾರೆ. ಆ ಪದರವೂ ಶಿಮ್‌ನ ಲೆಕ್ಕಕ್ಕೇ ಸೇರುತ್ತದೆ, ಅಷ್ಟು ಆಟ ಹೆಚ್ಚಾಗುತ್ತದೆ. ತೆಳ್ಳಗೆ ಸವರಿ, ಬೋಲ್ಟ್ ಬಿಗಿ ಮಾಡಿ, ಮತ್ತೆ ಗೇಜ್ ಇಡಿ.

ಆಮೇಲೆ ಇಂಟರ್‌ಮೀಡಿಯೆಟ್ ಶಾಫ್ಟ್. ಈ ಕೇಸಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ಇರುವುದು ಇದರ ಮೇಲೆ. ಇಂಟರ್‌ಮೀಡಿಯೆಟ್ ಗೇರ್ ತಿರುಗುವುದು ಈ ಶಾಫ್ಟಿನ ಮೇಲೆ, ನೀಡಲ್ ಬೇರಿಂಗ್‌ಗಳ (ಸೂಜಿಯಂಥ ತೆಳು ಉರುಳೆಗಳ) ಮಧ್ಯೆ. ಶಾಫ್ಟಿನಲ್ಲಿ ಗುಳಿ ಬಿದ್ದರೆ ಗೇರ್ ವಾಲುತ್ತದೆ. ವಾಲಿದ ಗೇರಿನ ಜೊತೆ ಹಲ್ಲು ನೇರವಾಗಿ ಕೂಡುವುದೇ ಇಲ್ಲ. ಉಗುರಿನಿಂದ ಕೆರೆದು ನೋಡಿ. ಗೀರು ಉಗುರಿಗೆ ಸಿಕ್ಕರೆ ಶಾಫ್ಟ್, ನೀಡಲ್, ಥ್ರಸ್ಟ್ ವಾಷರ್ (ಗೇರಿನ ಪಕ್ಕ ಕೂರುವ ಬಿಲ್ಲೆ) ಮೂರೂ ಹೊಸದು ಹಾಕಿ. ಶಾಫ್ಟ್ ಹಳೆಯದು, ನೀಡಲ್ ಹೊಸದು ಅನ್ನುವ ಉಳಿತಾಯ ಬೇಡ. ಪಾರ್ಟ್ ತರುವ ಮುಂಚೆ ದಪ್ಪ ಅಳೆಯಿರಿ. ಹಳೆಯ ಕೇಸ್‌ಗಳಲ್ಲಿ ¾ ಇಂಚು, ಆಮೇಲೆ 1⅛, ಕೊನೆಗೆ 1¼ ಇಂಚಿನ ಶಾಫ್ಟ್ ಬಂದಿದೆ. ಶಾಫ್ಟ್ ಕೂರುವ ಕೇಸಿನ ತೂತು ಸವೆದಿದ್ದರೆ ಹೊಸ ಶಾಫ್ಟ್ ಹಾಕಿದರೂ ಅಲ್ಲಿಂದ ಆಯಿಲ್ ಸೋರುತ್ತದೆ. ಜೋಡಿಸುವಾಗ ಗೇರಿನಷ್ಟೇ ಉದ್ದದ, ಶಾಫ್ಟಿನಷ್ಟೇ ದಪ್ಪದ ಒಂದು ಡಮ್ಮಿ ಶಾಫ್ಟ್ ಮಾಡಿಕೊಳ್ಳಿ. ನೀಡಲ್‌ಗಳನ್ನು ಗ್ರೀಸಿನಲ್ಲಿ ಅಂಟಿಸಿ ಡಮ್ಮಿ ತೂರಿಸಿ, ಆಮೇಲೆ ನಿಜವಾದ ಶಾಫ್ಟಿನಿಂದ ಅದನ್ನು ಹೊರಗೆ ತಳ್ಳಿ. ತೆಗೆದಾಗ ಎಷ್ಟು ನೀಡಲ್ ಇದ್ದವೋ ಹಾಕುವಾಗಲೂ ಅಷ್ಟೇ ಎಣಿಸಿ. ಒಂದು ಒಳಗೆ ಬಿದ್ದು ಉಳಿದರೂ ಗೇರಿನ ಹಲ್ಲು ಮುರಿಯುತ್ತದೆ.

ಗೇರನ್ನು ಹಿಡಿದು ಸರಿಸುವ ಶಿಫ್ಟ್ ಫೋರ್ಕನ್ನೂ ಮರೆಯಬೇಡಿ. ಅದರ ತುದಿ ಸವೆದರೆ, ಇಲ್ಲವೇ ಫೋರ್ಕ್ ಬಾಗಿದ್ದರೆ, ನೀವು ಲಿವರ್ ಎಷ್ಟೇ ತಳ್ಳಿದರೂ ಗೇರ್ ಕೊನೆಯ ತನಕ ಹೋಗುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಹಲ್ಲು ನೋಡಿ. ತುದಿ ದುಂಡಾಗಿ ಓರೆಯಾಗಿದ್ದರೆ ಕೂಡುವ ಎರಡೂ ಗೇರ್ ಬದಲಿಸಿ. ವೆಲ್ಡಿಂಗ್ ಮಾಡಿ ಹಲ್ಲು ಕಟ್ಟಿಕೊಡುತ್ತೇವೆ ಅನ್ನುವವರಿದ್ದಾರೆ. ಆ ಬಿಸಿಗೆ ಗೇರಿನ ಗಡಸುತನವೇ ಹೋಗುತ್ತದೆ. ಕೈ ಮುಗಿದು ವಾಪಸ್ ಬನ್ನಿ. ದಪ್ಪ ಆಯಿಲ್, ಮರದ ಹೊಟ್ಟು, ಡಬ್ಬಿಯಲ್ಲಿ ಬರುವ 'ಗೇರ್ ಟಾನಿಕ್' ಇವೆಲ್ಲ ಸದ್ದು ಅಡಗಿಸಿ ಗಾಡಿ ಮಾರುವವರ ಉಪಾಯ. ಓರೆಯಾದ ಹಲ್ಲನ್ನು ಯಾವ ಆಯಿಲೂ ನೇರ ಮಾಡುವುದಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಗಾಡಿಗಳಲ್ಲಿ ಎಷ್ಟೋ ಕಡೆ ಹ್ಯಾಂಡ್‌ಬ್ರೇಕ್ ಡ್ರಮ್ ಇರುವುದು ಟ್ರಾನ್ಸ್‌ಫರ್ ಕೇಸಿನ ಹಿಂದೆ, ಚಕ್ರದಲ್ಲಿ ಅಲ್ಲ. ಕೇಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಕ್ಷಣ ಹ್ಯಾಂಡ್‌ಬ್ರೇಕ್ ಇಲ್ಲ, ಗೇರಿನಲ್ಲಿ ನಿಲ್ಲಿಸಿದ್ದೂ ಲೆಕ್ಕಕ್ಕಿಲ್ಲ. ಕೆಲಸ ಕಲಿಯುವಾಗ ನಾನು ಕೊನೆಯ ಬೋಲ್ಟ್ ತೆಗೆದೆ, ಗಾಡಿ ನನ್ನ ಮೇಲೇ ಉರುಳತೊಡಗಿತು. ಜೊತೆಯವನು ಚಕ್ರಕ್ಕೆ ಕಲ್ಲು ಒದ್ದು ನಿಲ್ಲಿಸಿದ. ಇವತ್ತಿಗೂ ನಾಲ್ಕು ಚಕ್ರಕ್ಕೂ ಅಡೆ ಕೊಡದೆ ನಾನು ಗಾಡಿಯ ಕೆಳಗೆ ಹೋಗುವುದಿಲ್ಲ. ನೀವೂ ಹೋಗಬೇಡಿ.

ಪ್ರಶ್ನೆ: ಫೋರ್ ವೀಲ್ ಜಾಮ್ ಆಗದಿರಲಿ ಅಂತ ವಾರಕ್ಕೊಮ್ಮೆ ಟಾರ್ ರಸ್ತೆಯಲ್ಲಿ ಓಡಿಸುತ್ತೇನೆ. ಒಳ್ಳೆಯದಲ್ವಾ?

ಅಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಓಡುತ್ತವೆ. ಮಣ್ಣಿನಲ್ಲಾದರೆ ಚಕ್ರ ಜಾರುತ್ತದೆ, ಟಾರಿನಲ್ಲಿ ಶಾಫ್ಟ್, ಗೇರ್ ಎಲ್ಲ ತಿರುಚಿಕೊಳ್ಳುತ್ತವೆ. ಮಣ್ಣಿನ ರಸ್ತೆಯಲ್ಲಿ ಮಾತ್ರ ಹಾಕಿ. ಲಿವರ್ ಹೊರಗೆ ಬರದಿದ್ದರೆ ಒತ್ತಬೇಡಿ, ಸ್ವಲ್ಪ ರಿವರ್ಸ್ ಹೋಗಿ.

ಪ್ರಶ್ನೆ: ಆಕ್ಸಲ್ ಒಳಗಿನ ಪಿನಿಯನ್ (ಕ್ರೌನ್ ಅನ್ನುವ ದೊಡ್ಡ ಗೇರನ್ನು ತಿರುಗಿಸುವ ಚಿಕ್ಕ ಗೇರ್) ಹಲ್ಲು ಹೋಗಿದೆ. ಕ್ರೌನ್ ಚೆನ್ನಾಗಿದೆ, ಪಿನಿಯನ್ ಒಂದನ್ನೇ ಹಾಕಿಸಲೇ?

ಬೇಡ. ಎರಡೂ ಒಟ್ಟಿಗೆ ಉಜ್ಜಿ ಹೊಂದಿಸಿದ ಜೋಡಿ. ಜೋಡಿಯಾಗಿಯೇ ಬದಲಿಸಿ.

ಪ್ರಶ್ನೆ: ಹಿಂದಿನ ಆಕ್ಸಲ್ ಬೇರೆ ಗಾಡಿಯದು, ರೇಷಿಯೋ (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಅನ್ನುವ ಲೆಕ್ಕ) ಸ್ವಲ್ಪ ಬೇರೆ. ನಡೆಯುತ್ತದೆಯೇ?

ಫೋರ್ ವೀಲ್ ಯಾವತ್ತೂ ಹಾಕುವುದಿಲ್ಲ ಅಂದರೆ ನಡೆಯುತ್ತದೆ.

ಪ್ರಶ್ನೆ: ಆಯಿಲ್ ಸೀಲ್ ಮೂರು ಸಲ ಬದಲಿಸಿದೆ, ಮತ್ತೆ ಸೋರುತ್ತದೆ.

ಒಳಗಿನ ಗಾಳಿಯ ಒತ್ತಡ ಹೊರಗೆ ಬಿಡುವ ಬ್ರೀದರ್ ಕಟ್ಟಿಕೊಂಡಿದೆಯೇ ಅಂತ ಮೊದಲು ನೋಡಿ.

ಪ್ರಶ್ನೆ: ಎಲ್ಲ ಹೊಸದಾಗಿ ಜೋಡಿಸಿದ ಮೇಲೆ ಗಾಡಿ ನಡುಗುತ್ತದೆ. ಗೇರ್ ಸರಿ ಕೂತಿಲ್ಲವೇ?

ಗೇರ್ ಬಿಟ್ಟುಬಿಡಿ, ಪ್ರೊಪೆಲ್ಲರ್ ಶಾಫ್ಟ್ ನೋಡಿ. ಸ್ಲಿಪ್ ಜಾಯಿಂಟ್ (ಶಾಫ್ಟಿನ ಜಾರುವ ಜೋಡಣೆ) ಎಳೆದು ಮತ್ತೆ ಹಾಕುವಾಗ ಒಂದು ಸ್ಪ್ಲೈನ್, ಅಂದರೆ ಅದರೊಳಗಿನ ಒಂದು ಗೀರು, ತಪ್ಪಿದರೂ ಎರಡು ತುದಿಯ ಯೋಕ್‌ಗಳು (ಕ್ರಾಸ್ ಹಿಡಿಯುವ ಕವೆಗಳು) ಒಂದೇ ಸಾಲಿಗೆ ಬರುವುದಿಲ್ಲ. ಆಗ ಮುಂದಿನ ಕ್ರಾಸ್ ತಂದ ವೇಗದ ಏರಿಳಿತವನ್ನು ಹಿಂದಿನ ಕ್ರಾಸ್ ಸರಿದೂಗಿಸುವುದಿಲ್ಲ, ಪ್ರತಿ ಸುತ್ತಿಗೆ ಎರಡು ಸಲ ಎಳೆತ ಬರುತ್ತದೆ. ಎಷ್ಟೋ ಶಾಫ್ಟ್‌ಗಳಲ್ಲಿ ಎರಡು ಬಾಣದ ಗುರುತು ಇರುತ್ತದೆ. ಗ್ರೀಸ್ ಒರೆಸಿ ಹುಡುಕಿ. ಸಿಗದಿದ್ದರೆ ಶಾಫ್ಟನ್ನು ಮೇಜಿನ ಮೇಲೆ ಮಲಗಿಸಿ, ಒಂದು ತುದಿಯಿಂದ ನೋಡಿ ಯೋಕ್‌ಗಳನ್ನು ಸಾಲಿಗೆ ತಂದು ನೀವೇ ಪಂಚ್‌ನಿಂದ ಗುರುತು ಹಾಕಿ.