ಆಸ್ತಿ ಪ್ರಶ್ನೋತ್ತರ: 20 ಲಕ್ಷ ಕ್ಯಾಶ್ ಕೊಡ್ತಾರಂತೆ, ತಗೊಳ್ಳಲಾ?

ಪ್ರಶ್ನೆ: 2010ರ ಕೊನೆಯಲ್ಲಿ ಮೈಸೂರಿನಲ್ಲಿ ಒಂದು ಸೈಟ್ ತಗೊಂಡಿದ್ದೆ. ರಿಜಿಸ್ಟ್ರೇಷನ್ ಖರ್ಚೂ ಸೇರಿ 10 ಲಕ್ಷ ಆಗಿತ್ತು. ಮಾರ್ಚ್ 2026ರ ಒಳಗೆ ಮಾರುವ ಯೋಚನೆ. ಒಬ್ಬರು 60 ಲಕ್ಷಕ್ಕೆ ಕೇಳುತ್ತಿದ್ದಾರೆ, ಆದರೆ ಪತ್ರದಲ್ಲಿ 40 ಮಾತ್ರ, ಉಳಿದ 20 ಕ್ಯಾಶ್ ಅಂತಾರೆ. ಇಬ್ಬರಿಗೂ ಟ್ಯಾಕ್ಸ್ ಉಳಿಯುತ್ತೆ ಅಂತ ಬ್ರೋಕರ್ ಹೇಳುತ್ತಾರೆ. ಒಪ್ಪಿಕೊಳ್ಳಲಾ?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಬೇಡ ಸರ್. ಬುದ್ಧಿವಾದ ಹೇಳುತ್ತಿಲ್ಲ, ಲೆಕ್ಕ ಮಾತ್ರ ನೋಡಿ.

2024ರ ಜುಲೈ 23ಕ್ಕಿಂತ ಮೊದಲು ಕೊಂಡ ಆಸ್ತಿಯಾದ್ದರಿಂದ ನಿಮಗೆ ಎರಡು ದಾರಿ ಇದೆ. ಒಂದು ಹೊಸ ಲೆಕ್ಕ, ಬಂದ ಲಾಭಕ್ಕೆ ನೇರವಾಗಿ 12.5 ಪರ್ಸೆಂಟ್. ಇನ್ನೊಂದು ಹಳೇ ಲೆಕ್ಕ, ಕೊಂಡ ಬೆಲೆಯನ್ನು ಹಣದುಬ್ಬರದ ಸೂಚ್ಯಂಕದಂತೆ ಏರಿಸಿಕೊಂಡು, ಉಳಿದ ಲಾಭಕ್ಕೆ 20 ಪರ್ಸೆಂಟ್. ಯಾವುದು ಕಡಿಮೆಯೋ ಅದನ್ನು ಕಟ್ಟಿದರೆ ಸಾಕು. 2010-11ರ ಸೂಚ್ಯಂಕ 167, 2025-26ರದ್ದು 376. ಅಂದರೆ ನಿಮ್ಮ 10 ಲಕ್ಷ ಸುಮಾರು 22.5 ಲಕ್ಷ ಆಗುತ್ತದೆ.

60 ಲಕ್ಷಕ್ಕೇ ಪತ್ರ ಮಾಡಿಸಿದರೆ ಹಳೇ ಲೆಕ್ಕದಲ್ಲಿ ತೆರಿಗೆ 7.5 ಲಕ್ಷ, ಹೊಸದರಲ್ಲಿ 6.25 ಲಕ್ಷ. ಹೊಸದೇ ವಾಸಿ. 40 ಅಂತ ತೋರಿಸಿದರೆ ಹಳೇದು ವಾಸಿ, 3.5 ಲಕ್ಷ. (ಸೆಸ್ ಬಿಟ್ಟು ಹೇಳುತ್ತಿದ್ದೇನೆ.) ಬ್ರೋಕರ್ ಹೇಳುವ ಉಳಿತಾಯ ಇಷ್ಟೇ, 2.75 ಲಕ್ಷ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ, ತಗೊಂಡಷ್ಟೇ ಮೊತ್ತ ದಂಡ ಬೀಳಬಹುದು, ಅದೂ ತಗೊಂಡವರ ಮೇಲೆ. ಎರಡೂಮುಕ್ಕಾಲು ಲಕ್ಷ ಉಳಿಸಲು ಹೋಗಿ 20 ಲಕ್ಷ ಪಣಕ್ಕಿಟ್ಟ ಹಾಗೆ ಆಯ್ತು ಅಲ್ವಾ? 30 ಲಕ್ಷ ದಾಟಿದ ನೋಂದಣಿಗಳ ವಿವರ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಹೇಗೂ ಆದಾಯ ತೆರಿಗೆಯವರಿಗೆ ಹೋಗುತ್ತದೆ. ನಿಮ್ಮ ಬಡಾವಣೆಯ ಗೈಡೆನ್ಸ್ ವ್ಯಾಲ್ಯೂ (ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಬೆಲೆ) ಕೂಡ ನೋಡಿಕೊಳ್ಳಿ, 2023ರ ಅಕ್ಟೋಬರ್‌ನಲ್ಲಿ ಅದು ಪರಿಷ್ಕರಣೆ ಆಗಿದೆ. ಪತ್ರದ ಬೆಲೆಗಿಂತ ಅದು ಶೇ. 10ಕ್ಕೂ ಜಾಸ್ತಿ ಇದ್ದರೆ ತೆರಿಗೆ ಹಾಕುವುದೇ ಗೈಡೆನ್ಸ್ ವ್ಯಾಲ್ಯೂ ಮೇಲೆ. ಆಗ 40 ಅಂತ ಬರೆಸಿದ್ದೂ ವ್ಯರ್ಥ.

ಇನ್ನು ಕೊಳ್ಳುವವರಿಗೆ ಉಳಿಯುವುದಾದರೂ ಏನು? 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್‌ಗೆ ಏರಿದೆ, ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ ನಗರದಲ್ಲಿ 7.6 ಪರ್ಸೆಂಟ್. 20 ಲಕ್ಷಕ್ಕೆ ಒಂದೂವರೆ ಲಕ್ಷ ಉಳಿಸುತ್ತಾರೆ, ಆದರೆ ನಾಳೆ ಅವರು ಮಾರುವಾಗ ಕೊಂಡ ಬೆಲೆ 40 ಅಂತಲೇ ಲೆಕ್ಕ, ಆ 20 ಲಕ್ಷಕ್ಕೆ 12.5 ಪರ್ಸೆಂಟ್‌ನಂತೆ ಎರಡೂವರೆ ಲಕ್ಷ ಅವರ ಕೈಯಿಂದ ಹೋಗುತ್ತದೆ. ಇದನ್ನು ಅವರಿಗೆ ಹೇಳಿ ನೋಡಿ, ಎಷ್ಟೋ ಜನ ಒಪ್ಪುತ್ತಾರೆ. ಪೂರ್ತಿ ಬೆಲೆಗೆ ಪತ್ರವಾದರೆ ಅವರು 1 ಪರ್ಸೆಂಟ್, ಅಂದರೆ 60 ಸಾವಿರ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ನಿಮ್ಮ ಪ್ಯಾನ್‌ಗೆ ಕಟ್ಟಬೇಕು. ಗಾಬರಿಯಾಗಬೇಡಿ, ನಿಮ್ಮ ತೆರಿಗೆಯಲ್ಲೇ ಅದು ಕಳೆದುಹೋಗುತ್ತದೆ.

ತೆರಿಗೆ ನಿಜವಾಗಿ ಉಳಿಸಬೇಕಾ? ಮಾರಿದ ಆರು ತಿಂಗಳೊಳಗೆ ಆರ್‌ಇಸಿ, ಪಿಎಫ್‌ಸಿಯಂಥ ಸರ್ಕಾರಿ ಕಂಪನಿಗಳ ಬಾಂಡ್‌ಗಳಲ್ಲಿ ಲಾಭದ 50 ಲಕ್ಷದವರೆಗೆ ಹಾಕಬಹುದು. ಐದು ವರ್ಷ ಮುಟ್ಟುವಂತಿಲ್ಲ, ಬಡ್ಡಿಯೂ ಅಷ್ಟಕ್ಕಷ್ಟೇ. ಇಲ್ಲವೇ ಮನೆ ಕೊಳ್ಳಿ ಅಥವಾ ಕಟ್ಟಿಸಿ, ಆದರೆ ಮಾರುತ್ತಿರುವುದು ಸೈಟ್ ಆದ್ದರಿಂದ ಬರೀ ಲಾಭ ಹಾಕಿದರೆ ಪೂರ್ತಿ ವಿನಾಯಿತಿ ಸಿಗಲ್ಲ, ಬಂದ ಹಣವನ್ನೆಲ್ಲ ಹಾಕಬೇಕು. ಈಗಾಗಲೇ ಒಂದಕ್ಕಿಂತ ಹೆಚ್ಚು ಮನೆ ನಿಮ್ಮ ಹೆಸರಲ್ಲಿದ್ದರೆ ಈ ದಾರಿ ಇಲ್ಲ.

ಪ್ರಶ್ನೆ: ಅಣ್ಣ ಡಲ್ಲಾಸ್‌ನಲ್ಲಿದ್ದಾನೆ. 2012ರಲ್ಲಿ ಬೆಂಗಳೂರಲ್ಲಿ ಕೊಂಡ ಫ್ಲ್ಯಾಟ್ ಮಾರಬೇಕು ಅಂತಿದ್ದಾನೆ. ಅವನಿಗೂ ಇದೇ ನಿಯಮವಾ?
– ಗೃಹಿಣಿ, ಶಿವಮೊಗ್ಗ

ಉತ್ತರ: ಇಲ್ಲ ಮೇಡಂ, ಎನ್‌ಆರ್‌ಐಗಳಿಗೆ ಆ ಎರಡು ದಾರಿಯ ಆಯ್ಕೆ ಕೊಟ್ಟಿಲ್ಲ, 12.5 ಒಂದೇ. ಇದು ಅನ್ಯಾಯ ಅಂತ ನನಗನ್ನಿಸುತ್ತದೆ, ಆದರೆ ಕಾನೂನು ಹಾಗೇ ಇದೆ. ದೊಡ್ಡ ತಲೆನೋವು ಟಿಡಿಎಸ್. ಅಲ್ಲಿ 1 ಪರ್ಸೆಂಟ್ ಅಲ್ಲ, 12.5ರ ಜೊತೆ ಸೆಸ್, ಸರ್ಚಾರ್ಜ್ ಕೂಡ ಸೇರುತ್ತದೆ, ಮತ್ತು ಕೊಳ್ಳುವವರು ಸಾಮಾನ್ಯವಾಗಿ ಲಾಭದ ಮೇಲಲ್ಲ, ಇಡೀ ಬೆಲೆಯ ಮೇಲೆ ಹಿಡಿದುಬಿಡುತ್ತಾರೆ. ಆಮೇಲೆ ರೀಫಂಡ್‌ಗೆ ಕಾಯಬೇಕು. ಅದಕ್ಕೇ ಪತ್ರ ಆಗುವ ಮುಂಚೆಯೇ, ಕಡಿಮೆ ಟಿಡಿಎಸ್ ಹಿಡಿಯಲು ಆದಾಯ ತೆರಿಗೆ ಇಲಾಖೆಯಿಂದ ಸರ್ಟಿಫಿಕೇಟ್ ತರಿಸಿಕೊಳ್ಳಲು ಅಣ್ಣನಿಗೆ ಹೇಳಿ.

ಪ್ರಶ್ನೆ: ಹೊಸಕೋಟೆ ಕಡೆ ರೆವಿನ್ಯೂ ಸೈಟ್ (ಕೃಷಿ ಜಮೀನನ್ನೇ ತುಂಡು ಮಾಡಿದ್ದು) ಅರ್ಧ ಬೆಲೆಗೆ ಸಿಗುತ್ತಿದೆ. 2020ರಲ್ಲೇ ಕಾನೂನು ಬದಲಾಗಿದೆ, ಯಾರು ಬೇಕಾದರೂ ಕೊಳ್ಳಬಹುದು ಅಂತಾರೆ. ಹೌದಾ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಅರ್ಧ ನಿಜ. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಆಗಿದ್ದು ನಿಜ, ಆದರೆ ಅದು ವ್ಯವಸಾಯಕ್ಕೆ. ಕೃಷಿಯೇತರ ಬಳಕೆಗೆ ಕನ್ವರ್ಷನ್ ಆಗದೆ, ಲೇಔಟ್ ಪ್ಲಾನ್ ಅಪ್ರೂವ್ ಆಗದೆ ತುಂಡು ಮಾಡಿದ ಜಮೀನು ಸೈಟ್ ಆಗಲ್ಲ. ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ) ಇಲ್ಲದೆ ಸೈಟ್ ನೋಂದಣಿಯೂ ಈಗ ಆಗಲ್ಲ. 500 ಚದರ ಮೀಟರ್ ಮೀರಿದ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಕೇಳಿ. ಎಲ್ಲಕ್ಕಿಂತ ಮೊದಲು, ಆ ಜಮೀನು ಎಸ್‌ಸಿ, ಎಸ್‌ಟಿ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದಾ ಅಂತ ಹಳೇ ದಾಖಲೆಗಳನ್ನು ವಕೀಲರಿಂದ ತೆಗೆಸಿ ನೋಡಿ. ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಜಮೀನು ಮೂಲ ಕುಟುಂಬಕ್ಕೆ ವಾಪಸ್ ಹೋಗುತ್ತದೆ, 2023ರ ತಿದ್ದುಪಡಿಯ ನಂತರ ಅದನ್ನು ಕೇಳಲು ಕಾಲಮಿತಿಯೂ ಇಲ್ಲ.

ಪ್ರಶ್ನೆ: 60 ಲಕ್ಷದ ಫ್ಲ್ಯಾಟ್, ಕಟ್ಟುತ್ತಿರುವುದನ್ನು ಕೊಂಡರೆ ಲಾಭವಾ, ಮುಗಿದಿದ್ದಾ?
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಕಟ್ಟುತ್ತಿರುವುದಕ್ಕೆ 5 ಪರ್ಸೆಂಟ್ ಜಿಎಸ್‌ಟಿ, ಅಂದರೆ 3 ಲಕ್ಷ. ಓಸಿ (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಎರಡರ ಬೆಲೆಯಲ್ಲಿ 3 ಲಕ್ಷಕ್ಕಿಂತ ಬಹಳ ವ್ಯತ್ಯಾಸ ಇಲ್ಲದಿದ್ದರೆ ಮುಗಿದಿದ್ದನ್ನೇ ತಗೊಳ್ಳಿ, ಮಾರನೇ ತಿಂಗಳಿಂದ ಬಾಡಿಗೆ ಬರುತ್ತೆ.